ನವಿಲುಬೋರೆಯ ಮೈಲುತುತ್ತ

ಆರಿದ್ರಾ ಮಳೆ ಹಿಡಿದುಕೊಳ್ಳುವ ಮೊದಲು ನವಿಲುಬೋರೆ ಎಂಬ ಗುಡ್ಡದ ಹಳೇ ಗವಿಗೆ ಇಳಿಯಬೇಕು. ಅದರ ಗೋಡೆಗಳ ಮೇಲೆ ನೀಲಿ ಹರಳಾಗಿ ಬೆಳೆದಿರುವ ಮೈಲುತುತ್ತವನ್ನು ಕೆರೆದು ಮಡಕೆಗಳಿಗೆ ತುಂಬಬೇಕು. ಹೇಮಾವತಿಯನ್ನು ದಾಟಿ, ಹನಿ ನೀರು ಸೋಕದ ಹಾಗೆ, ಅರಕಲಗೂಡಿನ ಪಕ್ಕದ ಕೆಂಚನಕೊಪ್ಪಲಿಗೆ ತಂದು ಮುಟ್ಟಿಸಬೇಕು.

ಕೆಲಸ ಇಷ್ಟೇ. ಆದರೆ ಬೋರೆಯ ಸುತ್ತ ಮುಳ್ಳುಬೇಲಿ ಹಾಕಿ ಕಾವಲು ಕೂರಿಸಿದ್ದವರು ಸಾಮಾನ್ಯದವರಲ್ಲ. ಗವಿಯ ಒಳಹೊಟ್ಟೆಗೆ ಇಳಿದವರು ಈಚಿನ ವರ್ಷಗಳಲ್ಲಿ ಒಬ್ಬಿಬ್ಬರ ಹೊರತು ಯಾರೂ ಇರಲಿಲ್ಲ. ಮೋಡವಂತೂ ಆಗಲೇ ಪಡುವಣದಲ್ಲಿ ಕಪ್ಪಿಡುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದೂ ಕೆಂಚನಕೊಪ್ಪಲಿನ ರೈತಹೆಂಗಸು ನೀಲಾಂಬಿಕೆ ಸೆರಗು ಬಿಗಿದು ಹೊರಟು ನಿಂತಳು. ಅವಳನ್ನು ಹೊರಡಿಸಿದ್ದು ಧೈರ್ಯಕ್ಕಿಂತ ಹೆಚ್ಚಾಗಿ ಸಿಟ್ಟು.

ಆ ಸಿಟ್ಟು ಹುಟ್ಟಿದ್ದು ಹಾಸನದಲ್ಲಿ, ರೈಲ್ವೆ ಸ್ಟೇಷನ್ನಿನ ಎದುರಿಗಿದ್ದ ಏಜೆನ್ಸಿಯ ಗೋದಾಮಿನಲ್ಲಿ.

ಅದು 1943ರ ಜೂನ್ ತಿಂಗಳು. ಅರಕಲಗೂಡು ಸೀಮೆಯ ಆಲೂಗಡ್ಡೆ ಹೊಲಗಳಿಗೆ ಅಂಗಮಾರಿ ಬಂದಿತ್ತು. ಮೊದಲು ಎಲೆಯ ಅಂಚಿನಲ್ಲಿ ಬಿಸಿನೀರು ಸುರಿದಂಥ ಕಪ್ಪು ಮಚ್ಚೆ. ಆಮೇಲೆ ಎಲೆಯಡಿಯಲ್ಲಿ ಬಿಳೀ ಬೂಸು. ಮೋಡ ಮುಚ್ಚಿ ಸೋನೆ ಹಿಡಿದರೆ ವಾರ ತುಂಬುವುದರೊಳಗೆ ಹೊಲಕ್ಕೆ ಹೊಲವೇ ಕೊಳೆತು ನಾರುತ್ತದೆ. ಅದಕ್ಕೆ ಇದ್ದ ಮದ್ದು ಒಂದೇ: ಮೈಲುತುತ್ತವನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ ಎಲೆಗೆ ಎರಚುವುದು. ಯುದ್ಧಕ್ಕೆ ಮುಂಚೆ ಅದು ಅಂಗಡಿಯಲ್ಲಿ ಸಿಗುತ್ತಿತ್ತು. ಹಡಗಿನಲ್ಲಿ ಬರುತ್ತಿದ್ದ ಸರಕು. ಯುದ್ಧ ಶುರುವಾದ ಮೇಲೆ ಕಣ್ಣಿಗೆ ಬೀಳುವುದೇ ಅಪರೂಪವಾಯಿತು.

ಗೋದಾಮಿನ ಬಾಗಿಲಲ್ಲಿ ನೀಲಾಂಬಿಕೆ ನಿಂತಾಗ ಒಳಗೆ ಸಾಲಾಗಿ ಪೀಪಾಯಿಗಳಿದ್ದವು. ಒಂದರ ಹಲಗೆ ಬಿರಿದು ನೀಲಿ ಪುಡಿ ನೆಲಕ್ಕೆ ಸೋರಿತ್ತು.

"ಸ್ಟಾಕ್ ಇಲ್ಲಮ್ಮ," ಎಂದ ಗುಮಾಸ್ತ.

"ಅಲ್ಲಿ ಸೋರ್ತಾ ಇರೋದೇನು ಹಂಗಾದ್ರೆ?"

"ಅದು ಎಸ್ಟೇಟಿನವರಿಗೆ ಅಲಾಟ್ ಆಗಿರೋದು. ಕಾಫಿ ಗಿಡಕ್ಕೆ."

"ಆಲೂಗಡ್ಡೆ ಗಿಡ ಗಿಡ ಅಲ್ವಾ?"

"ಪರ್ಮಿಟ್ ತನ್ನಿ, ಕೊಡ್ತೀವಿ."

"ಪರ್ಮಿಟ್ ಯಾರಿಗೆ ಕೊಡ್ತಾರೆ?"

"ಎಸ್ಟೇಟ್ ಇರೋರಿಗೆ," ಎಂದು ಗುಮಾಸ್ತ ನಕ್ಕ.

ಆ ನಗು ಅವಳ ಎದೆಗೆ ಚುಚ್ಚಿತು. ಹಿಂತಿರುಗಿ ನೋಡಿದರೆ ರಸ್ತೆಯಾಚೆ ಗೂಡ್ಸ್ ಗಾಡಿಗೆ ಕಪ್ಪು ಕಲ್ಲು ತುಂಬುತ್ತಿದ್ದರು. ಚನ್ನರಾಯಪಟ್ಟಣದ ಕಡೆಯ ಬೋರೆಗಳಲ್ಲಿ ಅಗೆದ ಕ್ರೋಮ್ ಕಲ್ಲು ಅದು. ಬಿಳಿಯರ ದೇಶದಲ್ಲಿ ಉಕ್ಕಿಗೆ ಬೆರೆಸಿ ಫಿರಂಗಿ ಮಾಡುತ್ತಾರಂತೆ. ಅದನ್ನು ಅಗೆಸಿ ಕಳಿಸುತ್ತಿದ್ದದ್ದೂ ಇದೇ ಏಜೆನ್ಸಿ.

"ನಮ್ಮ ಕರಿಕಲ್ಲು ಹೋಗೋಕೆ ಹಡಗಿದಾವೆ. ನಮ್ಮ ಹೊಲಕ್ಕೆ ಮದ್ದು ಬರೋಕೆ ಮಾತ್ರ ಹಡಗಿಲ್ಲ, ಅಲ್ವೇ?" ಎಂದು ಅವಳು ಕೂಗಿದಳು. ಸುತ್ತ ಜನ ಸೇರಿತು. ಜವಾನ ಬಂದು ಅವಳನ್ನು ಮೆಟ್ಟಿಲು ಇಳಿಸಿದ.

ಗೂಡ್ಸ್ ಷೆಡ್ಡಿನ ಹಮಾಲಿಯೊಬ್ಬ ಅವಳ ಹಿಂದೆಯೇ ಬಂದು ಆಲದ ಮರದ ನೆರಳಲ್ಲಿ ನಿಲ್ಲಿಸಿದ. ಹೆಸರು ದೇವಯ್ಯ, ನಡುವಯಸ್ಸು, ಎಡಗೈಯಲ್ಲಿ ಎರಡು ಬೆರಳಿಲ್ಲ. ಎಲೆಯಡಕೆ ಚೀಲದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಬಿಚ್ಚಿದ. ಒಳಗೆ ನವಿಲಿನ ಕತ್ತಿನ ಬಣ್ಣದ ಹರಳು.

"ಇದು ಅಡಗಲ್ಲಿ ಬಂದದ್ದಲ್ಲ ಕಣಕ್ಕ," ಎಂದ. "ನಮ್ಮೂರ ನವಿಲುಬೋರೇಲಿ ಬೆಳೆದದ್ದು. ಎಂಗೂ ಕಲ್ಲು ಅಗೆಯಾಕೆ ಓಯ್ತಿದ್ವಲ್ಲ, ಒಂದ್ಸಲ ನಾನೂ ನಮ್ಮಣ್ಣಾನೂ ಅಳೇ ಗವಿಗೆ ಇಳಿದಿದ್ವಿ. ಗ್ವಾಡೆ ತುಂಬ ಇದೇಯ."

* * *

ನೀಲಾಂಬಿಕೆಯ ತಮ್ಮ ಪಾಲಾಕ್ಷ ಮೈಸೂರು ಕಡೆಯ ರಸಗೊಬ್ಬರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಆಗ ರಜಕ್ಕೆ ಬಂದಿದ್ದ. ಅವನು ಹರಳಿನ ಚೂರನ್ನು ಲೋಟದ ನೀರಿಗೆ ಹಾಕಿ ಕದಡಿದ. ನೀರು ನೀಲಿಯಾಯಿತು. ಅದರಲ್ಲಿ ಚಾಕುವಿನ ಅಲಗನ್ನು ಅದ್ದಿ ತೆಗೆದ. ಉಕ್ಕಿನ ಮೇಲೆ ಕೆಂಪಗೆ ತಾಮ್ರದ ಪೊರೆ ಕೂತಿತ್ತು.

"ಅಸಲಿ ಮೈಲುತುತ್ತ ಅಕ್ಕ!" ಎಂದ. ಮರುಕ್ಷಣವೇ ಅವನ ಮುಖ ಬಿಗಿಯಿತು. "ಬೋರೆಯೊಳಗಿನ ತಾಮ್ರದ ಕಲ್ಲಿಂದ ಒಸರಿ ಬಂದು, ಬೇಸಿಗೇಲಿ ಒಣಗಿ ಹರಳಾಗಿದೆ. ಒಳ್ಳೇ ಮಳೆ ಬಿದ್ದು ನೀರು ಒಳಕ್ಕಿಳಿದರೆ ಎಲ್ಲಾ ಕರಗಿ ಹೋಗ್ತದೆ. ಕಬ್ಬಿಣದ ಡಬ್ಬಿಗೂ ತುಂಬೋ ಹಾಗಿಲ್ಲ, ಕಬ್ಬಿಣಾನೇ ತಿನ್ತದೆ."

"ಮಡಕೇಲಿ ತುಂಬೋಣ. ಬಾಯಿಗೆ ಮುಚ್ಚಳ ಇಟ್ಟು ಜೇನುಮೇಣ ಮೆತ್ತೋಣ," ಎಂದಳು ನೀಲಾಂಬಿಕೆ. "ಯಾವಾಗ ಹೊರಡೋದು?"

ಅವಳ ಗಂಡ ಚನ್ನಬಸವಯ್ಯ ಜಗಲಿಯ ಮೇಲಿಂದ ಎದ್ದ. "ನಾನೂ ಬತ್ತೀನಿ."

"ನೀವು ಸುಣ್ಣ ಸುಡಿಸಿ ಇಟ್ಟಿರಿ. ಸುಣ್ಣ ಸೇರದಿದ್ರೆ ಇದು ಬರೀ ವಿಷ, ಎಲೇನೇ ಸುಟ್ಟುಹಾಕ್ತದೆ. ನಾವು ಬಂದ ಗಳಿಗೇಲಿ ಎರಚೋ ಹಂಗಿರಬೇಕು."

ಚನ್ನಬಸವಯ್ಯ ಹೆಂಡತಿಯ ಮುಖವನ್ನು ನೋಡಿದ. ಮದುವೆಯಾದ ಮೇಲೆ ಆ ಮುಖವನ್ನು ಎರಡೋ ಮೂರೋ ಸಲ ನೋಡಿದ್ದ. ಆಗೆಲ್ಲ ಎದುರಾಡಿ ಪ್ರಯೋಜನವಾಗಿರಲಿಲ್ಲ. "ಹುಷಾರು," ಎಂದಷ್ಟೇ ಹೇಳಿ ಸುಣ್ಣದ ಗೂಡಿನವರನ್ನು ಕರೆಯಲು ಹೋದ.

ಮಾರನೆಯ ಬೆಳಗ್ಗೆ ಗಾಡಿಯಲ್ಲಿ ಹುಲ್ಲಿನ ನಡುವೆ ಖಾಲಿ ಮಡಕೆ, ಕತ್ತಾಳೆ ನಾರಿನ ಹಗ್ಗ, ಎರಡು ಲಾಟೀನು, ಮರದ ಕೆರೆಗೋಲು, ಹಾರೆ, ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಇಟ್ಟುಕೊಂಡು ನೀಲಾಂಬಿಕೆ, ಪಾಲಾಕ್ಷ, ದಾರಿ ಬಲ್ಲ ದೇವಯ್ಯ ಮೂವರೂ ಹೊರಟರು. ಹೊಳೆನರಸೀಪುರದ ಸೇತುವೆಯ ಬಳಿ ಧಾನ್ಯ ಸಾಗಣೆ ತಪಾಸಣೆ ಮಾಡುವವರು ಗಾಡಿ ನಿಲ್ಲಿಸಿದರು.

"ಏನಿದು?"

"ಮಡಕೆ ಸಾ. ಖಾಲಿ," ಎಂದ ದೇವಯ್ಯ.

ಒಬ್ಬ ಕೋಲಿನಿಂದ ಒಂದೆರಡು ಮಡಕೆ ತಟ್ಟಿ ನೋಡಿ ಬಿಟ್ಟ. ಸೇತುವೆಯ ಕೆಳಗೆ ಹೇಮಾವತಿ ಇನ್ನೂ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು.

ಹೊಳೆ ದಾಟಿದ ಮೇಲೆ ನಾಡಿನ ಬಣ್ಣವೇ ಬೇರೆ. ಅರಕಲಗೂಡಿನ ಕಡೆಯ ಹಸಿರು ಹಿಂದೆ ಉಳಿಯಿತು. ಮುಂದೆ ಚನ್ನರಾಯಪಟ್ಟಣದತ್ತ ಚಾಚಿದ ಕೆಂಪು ಬಯಲು. ಅದರ ಮೇಲೆ ಮಲಗಿದ ಎಮ್ಮೆಗಳ ಹಾಗೆ ಒಂದರ ಹಿಂದೊಂದು ಬೋರೆಗಳು. ಬಂದರಿಕೆ ಗಿಡ, ಕಾರೆಮುಳ್ಳು, ಕಳ್ಳಿ, ಬಂಡೆಯ ಸಂದಿನಲ್ಲಿ ಸೀತಾಫಲ. ದೂರದಲ್ಲೊಂದು ಕಡೆ ಬಿಸಿಲ ಝಳದಲ್ಲಿ ಶ್ರವಣಬೆಳಗೊಳದ ಬೆಟ್ಟ ಮಸುಕಾಗಿ ಕಾಣುತ್ತಿತ್ತು. ಬೋರೆಗಳ ಮೈಮೇಲೆ ಅಲ್ಲಲ್ಲಿ ಕಪ್ಪು ಗಾಯಗಳು. ಅಲ್ಲಿ ಕ್ರೋಮ್ ಕಲ್ಲು ಅಗೆಯುತ್ತಿದ್ದರು. ಮಂಕರಿ ಹೊತ್ತ ಹೆಂಗಸರ ಸಾಲು ಗುಂಡಿಯಿಂದ ಮೇಲಕ್ಕೆ, ಲಾರಿಯ ಬಳಿಗೆ, ಮತ್ತೆ ಗುಂಡಿಗೆ, ಇರುವೆಗಳಂತೆ ಹರಿದಾಡುತ್ತಿತ್ತು. ಈ ನೆಲ ಇಷ್ಟೊಂದು ಕೊಡುತ್ತದೆ, ಆದರೆ ಇದರ ಮೇಲೆ ಬದುಕುವವರ ಕೈಗೆ ಮಂಕರಿಯ ತೂಕವಷ್ಟೇ ಉಳಿಯುತ್ತದೆ ಎನಿಸಿತು ನೀಲಾಂಬಿಕೆಗೆ.

ದೇವಯ್ಯ ಒಂದು ಗುಂಡಿಯ ಕಡೆ ಬೆರಳು ತೋರಿಸಿದ. "ಅಲ್ಲೇ ಕಣಕ್ಕ, ಮಣ್ಣಿನ ಬರೆ ಕುಸಿದು ನಮ್ಮಣ್ಣ ಒನ್ನಯ್ಯ ಸತ್ತದ್ದು. ನಾನು ಕೇಳಾಕೆ ಓದ್ರೆ, ಒನ್ನಯ್ಯ ಅನ್ನೋನು ನಮ್ಮತ್ರ ಕೆಲಸಕ್ಕೇ ಇರ್ಲಿಲ್ಲ ಅಂದ್ಬುಟ್ರು. ಮಾರನೇ ದಿನದಿಂದ ನನ್ನೂ ಬ್ಯಾಡ ಅಂದ್ರು."

"ಯಾರು ಹಂಗಂದದ್ದು?"

"ಗುಂಡಯ್ಯ ಅಂತ, ಏಜೆನ್ಸಿ ಮೇಸ್ತ್ರಿ. ಇದೇ ಕಡೆಯೋನು."

* * *

ದಾರಿಯಲ್ಲೊಂದು ರಾತ್ರಿ ತಂಗಿ, ಮಾರನೆಯ ದಿನ ನವಿಲುಬೋರೆಯ ಬುಡದಲ್ಲಿ ಗಾಡಿ ಬಿಟ್ಟರು. ಬೇಲಿಯ ಮೇಲೆ ಏಜೆನ್ಸಿಯ ಬೋರ್ಡು: ಕ್ರೋಮ್ ಕಲ್ಲು ಅಗೆಯಲು ಸರ್ಕಾರ ಬಿಟ್ಟುಕೊಟ್ಟ ಜಾಗ, ಯಾರೂ ಒಳಗೆ ಬರಕೂಡದು. ಬೇಲಿಯ ಹೊರಗೆ ಕುರಿ ಮೇಯಿಸುತ್ತಿದ್ದ ಕಲ್ಲಮ್ಮ ದೇವಯ್ಯನಿಗೆ ಗುರುತಿನವಳು. ಗಟ್ಟಿ ಮುದುಕಿ, ಹೆಗಲಲ್ಲಿ ಕಂಬಳಿ, ಜೊತೆಗೆ ಎರಡು ನಾಯಿ, ಹೊರೆ ಹೊರಲು ಎರಡು ಕತ್ತೆ.

"ನಮ್ಮಜ್ಜಿ ಕಾಲದಿಂದ ಇಲ್ಲೇ ಮೇಯಿಸ್ತಿದ್ವಿ ಕಣವ್ವ. ಈಗ ಬೇಲಿ ಆಕವ್ರೆ. ಕುರಿಗೆ ಬೋಲ್ಡು ಓದಾಕೆ ಬತ್ತದಾ?" ಎಂದು ಕಲ್ಲಮ್ಮ ಸಿಡುಕಿದಳು. ಬಂದ ಕಾರಣ ಕೇಳಿದ ಮೇಲೆ ಆಕಾಶ ನೋಡಿದಳು. "ಮಳೆ ಇವತ್ತು ಬಿಡಾಕಿಲ್ಲ. ಆದಷ್ಟು ಬ್ಯಾಗ ಇಳೀರಿ. ಇಂದ್ಗಡೆ ಬಂಡೆ ಸಂದೀಲಿ ಬೇಲಿ ಇಲ್ಲ, ನಾನು ತೋರಿಸ್ತೀನಿ."

ಬೋರೆಯ ಬೆನ್ನು ಕಡಿದಾಗಿತ್ತು. ಮಡಕೆಗಳನ್ನು ಬಲೆಗೆ ಹಾಕಿ ಬೆನ್ನಿಗೆ ಕಟ್ಟಿಕೊಂಡು, ಗಿಡದ ಬೇರು ಹಿಡಿದು ಹತ್ತಿದರು. ಗವಿಯ ಬಾಯಿ ಕಾಣಿಸಿದಾಗ ಕಲ್ಲಮ್ಮನ ನಾಯಿಗಳು ನಿಂತವು. ಕತ್ತಿನ ಕೂದಲು ನೆಟ್ಟಗಾಯಿತು.

"ಅತ್ತಾಗಿ ಸರೀರಿ!" ಎಂದಳು ಕಲ್ಲಮ್ಮ.

ಕಪ್ಪಗೆ ಏನೋ ಉರುಳಿ ಬಂತು. ಕರಡಿ! ನೀಲಾಂಬಿಕೆ ಬಂಡೆಗೆ ಒರಗಿ ಉಸಿರು ಹಿಡಿದಳು. ನಾಯಿಗಳು ಬೊಗಳಿದವು. ದೇವಯ್ಯ ಹಾರೆಯಿಂದ ಬಂಡೆಯನ್ನು ಟಣಟಣ ಬಡಿದ. ಕರಡಿ ಒಂದು ಸಲ ಎದ್ದು ನಿಂತು ಮೂಸಿ, ಗುರುಗುಟ್ಟಿ, ಇಳಿಜಾರಿನ ಪೊದೆಗಳನ್ನು ಮುರಿಯುತ್ತ ಓಡಿಹೋಯಿತು.

"ಅದೊಂದಕ್ಕೆ ಪರ್ಮಿಟ್ ಕೇಳಲಿಲ್ಲ ನೋಡು ಏಜೆನ್ಸಿಯೋರು," ಎಂದ ಪಾಲಾಕ್ಷ. ನೀಲಾಂಬಿಕೆಗೆ ಎರಡು ದಿನದಲ್ಲಿ ಮೊದಲ ಸಲ ನಗು ಬಂತು.

ಕಲ್ಲಮ್ಮನನ್ನು ಹೊರಗೆ ಕಾವಲಿಗೆ ಬಿಟ್ಟು ಮೂವರೂ ಒಳಕ್ಕೆ ನುಗ್ಗಿದರು. ಯಾವ ಕಾಲದವರೋ ತಾಮ್ರಕ್ಕಾಗಿ ಕೊರೆದ ಗವಿ ಅದು. ಗೋಡೆಯ ಮೇಲೆ ಉಳಿಯ ಏಟುಗಳು ಇನ್ನೂ ಎಣಿಸುವ ಹಾಗಿದ್ದವು. ಬಾವಲಿಗಳು ಮುಖಕ್ಕೆ ರಾಚಿದವು. ದಾರಿ ಕಿರಿದಾಗುತ್ತ ಹೋಗಿ ಕೊನೆಗೆ ಹೊಟ್ಟೆಯ ಮೇಲೆ ತೆವಳಬೇಕಾಯಿತು. ಅದರಾಚೆ ಬಾವಿಯಂಥ ಗುಂಡಿ.

ದೇವಯ್ಯ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಮೊದಲು ಅದನ್ನೇ ಇಳಿಬಿಟ್ಟ. "ದೀಪ ಉರೀತಿದ್ರೆ ನಾವೂ ಉಸಿರಾಡಬೌದು," ಎಂದ. ದೀಪ ಉರಿಯಿತು. ಒಬ್ಬೊಬ್ಬರಾಗಿ ಇಳಿದರು.

ನೀಲಾಂಬಿಕೆ ಲಾಟೀನು ಎತ್ತಿ ಹಿಡಿದಳು.

ಒಂದು ದೇವಸ್ಥಾನದ ನವರಂಗದಷ್ಟು ಅಗಲದ ಜಾಗ. ಗೋಡೆ, ಸೂರು, ಕಲ್ಲಿನ ಸಂದುಗೊಂದು ಎಲ್ಲವೂ ನೀಲಿ. ಕೆಲವು ಕಡೆ ಪಾಚಿಯ ಹಾಗೆ ತೆಳ್ಳಗೆ, ಕೆಲವು ಕಡೆ ಕಲ್ಲುಸಕ್ಕರೆಯ ಹಾಗೆ ಗಟ್ಟಿಗಟ್ಟಿ ಹರಳಾಗಿ, ಸೂರಿನಿಂದ ಆಕಳ ಕೆಚ್ಚಲಿನ ಮೊಲೆಗಳಂತೆ ಜೋತುಬಿದ್ದು, ಬೆಳಕು ಅಲುಗಿದ ಕಡೆಯಲ್ಲೆಲ್ಲ ಮಿನುಗುತ್ತಿತ್ತು. ಅವಳ ಮಾತಿನಲ್ಲಿ ಸಂತೋಷಕ್ಕಿಂತ ಕೋಪವೇ ಹೆಚ್ಚಿತ್ತು. "ಇಷ್ಟೂ ನಮ್ಮ ಕಾಲಡಿಯಲ್ಲೇ ಇತ್ತು. ನಾವು ಹೋಗಿ ಗೋದಾಮಿನ ಬಾಗಿಲಲ್ಲಿ ಕೈಚಾಚಿ ನಿಂತಿದ್ವಿ."

"ಬಾಯಿಗೆ ಬಟ್ಟೆ ಕಟ್ಟಿಕೋ ಅಕ್ಕ, ಧೂಳು ವಿಷ," ಎಂದ ಪಾಲಾಕ್ಷ.

ಕೆರೆದರು. ತುಂಬಿದರು. ದೇವಯ್ಯ ಗುಂಡಿಯ ಮೇಲಕ್ಕೆ ಹತ್ತಿ ಹೋಗಿ ತುಂಬಿದ ಮಡಕೆಗಳನ್ನು ಹಗ್ಗದಲ್ಲಿ ಎಳೆದುಕೊಂಡು, ಮೇಣ ಮೆತ್ತಿ, ಗವಿಯ ಬಾಯಿಗೆ ಸಾಗಿಸತೊಡಗಿದ. ಅಂಗೈ ಉರಿಯುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯಾರೂ ನಿಲ್ಲಲಿಲ್ಲ.

ಬೋರೆಯ ಹೊಟ್ಟೆಯೊಳಗೆ ಗುಡುಗು ಕೇಳಿಸಿತು.

ಮೊದಲು ಒಂದು ಹನಿ. ಅವಳ ಮುಂಗೈ ಮೇಲೆ ಬಿತ್ತು. ನೀಲಿ ಹನಿ. ಆಮೇಲೆ ಇನ್ನೊಂದು. ಸೂರಿನ ಹರಳೊಂದು ಕಳಚಿ ನೆಲಕ್ಕೆ ಬಿದ್ದು ಪುಡಿಯಾಯಿತು.

"ಮಳೆ ಇಳೀತು! ಬೇಗ!"

"ಕೆಳಗಿನ ಕೊರೆಯಲ್ಲಿ ದಪ್ಪ ಹರಳಿದೆ ಅಕ್ಕ, ಅದೊಂದು ಮಡಕೆ ತುಂಬಿಬಿಡ್ತೀನಿ," ಎಂದು ಪಾಲಾಕ್ಷ ಪಕ್ಕದ ಇಳಿಜಾರಿಗೆ ನುಗ್ಗಿಯೇಬಿಟ್ಟ.

"ಬೇಡ ಕಣೋ!"

ಅವನ ಲಾಟೀನಿನ ಬೆಳಕು ಇಳಿಯುತ್ತ ಹೋಯಿತು. ಮಂಕಾಯಿತು. ಆರಿತು.

"ಪಾಲಾಕ್ಷಾ!"

ಉತ್ತರವಿಲ್ಲ. ಮಡಕೆ ಉರುಳಿ ಒಡೆದ ಸದ್ದು ಮಾತ್ರ.

ಕೆಳಗೆ ಗಾಳಿ ಕೆಟ್ಟಿದೆ ಎಂದು ಅವಳಿಗೆ ತಿಳಿಯಿತು. "ದೇವಣ್ಣಾ, ಹಗ್ಗ!" ಎಂದು ಕೂಗಿದಳು. ಹಗ್ಗ ಬಂತು. ಸೊಂಟಕ್ಕೆ ಸುತ್ತಿ ಗಂಟು ಹಾಕಿದಳು. ಮೇಲಿನಿಂದ ದೇವಯ್ಯನ ಧ್ವನಿ ಬಂತು: "ಉಸುರು ಇಡ್ಕೊಂಡು ಇಳಿ ಅಕ್ಕ! ಒಳಗೆ ಉಸುರು ಬಿಡಬ್ಯಾಡ! ಅಗ್ಗ ಜಗ್ಗಿದ್ರೆ ಎಳೀತೀನಿ!"

ಎದೆ ತುಂಬ ಗಾಳಿ ಎಳೆದುಕೊಂಡು ಇಳಿದಳು. ಕತ್ತಲು. ಕಾಲಿಗೆ ಮೆತ್ತಗೆ ಏನೋ ತಾಕಿತು. ತಮ್ಮನ ಹೆಗಲು. ಎರಡು ಕಂಕುಳಿಗೂ ಕೈ ತೂರಿಸಿ ಬಿಗಿಯಾಗಿ ಹಿಡಿದಳು. ಕಿವಿಯಲ್ಲಿ ರಕ್ತ ಗುಂಯ್ ಎನ್ನುತ್ತಿತ್ತು. ಹಗ್ಗ ಜಗ್ಗಿದಳು.

ಹಗ್ಗ ಬಿಗಿಯಿತು. ಸೊಂಟ ಕತ್ತರಿಸಿದಂತಾಯಿತು. ಒಂದು ಮೊಳ. ಇನ್ನೊಂದು ಮೊಳ. ಕಲ್ಲು ಮೊಣಕೈ ತರಿಯಿತು. ಎದೆ ಬಿರಿಯುವ ಹೊತ್ತಿಗೆ ತಲೆ ಒಳ್ಳೆಯ ಗಾಳಿಗೆ ಬಂತು. ತಮ್ಮನ ಕೆನ್ನೆಗೆ ಎರಡು ಬಾರಿಸಿದಳು. ಅವನು ಕೆಮ್ಮಿದ.

"ಒಂದು ಮಡಕೆಗೋಸ್ಕರ ಸಾಯ್ತಿದ್ಯಲ್ಲೋ ಮುಂಡೇದೆ!" ಎಂದು ಬೈದಳು, ಬೈಯುತ್ತಲೇ ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. ಸುತ್ತ ಗೋಡೆಗಳಿಂದ ನೀಲಿ ನೀರು ಗೆರೆಗೆರೆಯಾಗಿ ಇಳಿಯುತ್ತಿತ್ತು. ಬೇಸಿಗೆಯೆಲ್ಲ ಬೆಳೆದದ್ದು ಕಣ್ಣೆದುರೇ ಕರಗುತ್ತಿತ್ತು.

* * *

ಹೊರಗೆ ಬಂದಾಗ ಮಳೆ ಓರೆಯಾಗಿ ಬೀಸುತ್ತಿತ್ತು. ಮಡಕೆಗಳ ಮೇಲೆ ಕಲ್ಲಮ್ಮ ತನ್ನ ಕಂಬಳಿ ಹೊದಿಸಿ, ತಾನು ನೆನೆಯುತ್ತ ನಿಂತಿದ್ದಳು. ಮಳೆ ಹಿಡಿದಾಗ ಕಾವಲಿನವರ ಕಣ್ಣುತಪ್ಪಿಸಿ ಅವಳು ಮುಂದಿನ ದಾರಿಯಿಂದ ಹತ್ತಿಸಿ ತಂದಿದ್ದ ಕತ್ತೆಗಳ ಮೇಲೆ ಹೊರೆ ಏರಿಸಿ, ಹಿಂದಿನ ಇಳಿಜಾರು ಜಾರಿಕೆಯಾಗಿದ್ದರಿಂದ ಬೇರೆ ದಾರಿಯಿಲ್ಲದೆ ಮುಂಭಾಗದ ಕಾಲುದಾರಿಯಲ್ಲೇ ಇಳಿದರು. ಅರ್ಧ ಇಳಿಯುವಷ್ಟರಲ್ಲಿ ಛತ್ರಿ ಹಿಡಿದ ಒಬ್ಬ ದಾರಿಗೆ ಅಡ್ಡ ನಿಂತ. ಹಿಂದೆ ದೊಣ್ಣೆ ಹಿಡಿದ ನಾಲ್ಕು ಜನ ಕಾವಲಿನವರು. ಪಕ್ಕದ ಬಂಡೆಯ ಚಾಚಿನ ಕೆಳಗೆ ಮಂಕರಿ ಹೊರುವ ಹೆಂಗಸರು ಮಳೆಗೆ ಸೇರಿಕೊಂಡಿದ್ದರು.

"ಗುಂಡಯ್ಯ," ಎಂದ ದೇವಯ್ಯ ಹಲ್ಲುಕಚ್ಚಿ.

"ಇಳಿಸ್ರೋ ಹೊರೇನ," ಎಂದ ಗುಂಡಯ್ಯ. "ಈ ಬೋರೆ ಏಜೆನ್ಸೀದು."

"ಬೋರೆ ಗೋಮಾಳದ್ದು," ಎಂದಳು ನೀಲಾಂಬಿಕೆ. "ಕರಿಕಲ್ಲು ಅಗೆಯೋಕೆ ಮಾತ್ರ ಸರ್ಕಾರ ನಿಮಗೆ ಬಿಟ್ಟಿರೋದು. ನಿಮ್ಮ ಬೋರ್ಡಿನ ಮೇಲೇ ಹಂಗೆ ಬರೆದಿದೆ. ಇದು ಕರಿಕಲ್ಲಾ?"

ಗುಂಡಯ್ಯ ಹತ್ತಿರ ಬಂದು ಕತ್ತೆಯ ಮೇಲಿನ ಮಡಕೆಯೊಂದನ್ನು ಎಳೆದು ಬಂಡೆಗೆ ಕುಕ್ಕಿದ. ಮಡಕೆ ಸೀಳಿತು. ಹರಳು ಚೆಲ್ಲಿತು. ಮಳೆನೀರು ಅದನ್ನು ಕರಗಿಸಿ ನೀಲಿ ಹಾವಿನಂತೆ ಇಳಿಜಾರಿಗೆ ಹರಿಸಿಕೊಂಡು ಹೋಯಿತು.

ನೀಲಾಂಬಿಕೆಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. "ಲೇ! ನೀನೂ ಅನ್ನ ತಿನ್ನೋನೇ ತಾನೇ? ನಿನಗೆ ಬೇಡ, ನಿನ್ನ ಧಣಿಗೆ ಬೇಡ. ಮಣ್ಣುಪಾಲು ಮಾಡ್ತೀಯ, ನಮಗೆ ಮಾತ್ರ ಸಿಗಬಾರದು!"

"ಗುಡ್ದೊಳಗೆ ಏನಿದ್ರೂ ನಮ್ದೇ ಕಣಮ್ಮ. ಕರಿದೋ ನೀಲೀದೋ, ಎಲ್ಲಾ ನಮ್ದೇ," ಎಂದು ಗುಂಡಯ್ಯ ಇನ್ನೊಂದು ಮಡಕೆಗೆ ಕೈ ಹಾಕಿದ.

ದೇವಯ್ಯ ಆ ಕೈಯನ್ನು ಹಿಡಿದುಕೊಂಡ. ಅವನ ಧ್ವನಿ ಏರಲಿಲ್ಲ. "ಗುಡ್ದೊಳಗೆ ಇರಾದೆಲ್ಲ ನಿಮ್ದು. ಅಂಗಾದ್ರೆ ಗುಡ್ದೊಳಗೆ ಸತ್ತ ನಮ್ಮಣ್ಣ ಯಾರೋನು, ಗುಂಡಯ್ಯ?"

ಗುಂಡಯ್ಯ ಕೈ ಕೊಸರಿಕೊಂಡ. ದೇವಯ್ಯ ದಾರಿ ಬಿಡಲಿಲ್ಲ.

"ಯೋಳು. ಆವತ್ತು ನಮ್ಮೋನಲ್ಲ ಅಂದೆ. ಇವತ್ತು ಎಲ್ಲಾ ನಮ್ದು ಅಂತೀಯ. ಎರಡ್ರಲ್ಲಿ ಯಾವುದು ದಿಟ?"

ಬಂಡೆಯ ಕೆಳಗಿಂದ ಒಬ್ಬಳು ಹೆಂಗಸು ಮಳೆಗೆ ಬಂದಳು. ಮಲ್ಲಿಗಮ್ಮ ಎಂದು ಅವಳ ಹೆಸರು. ದೇವಯ್ಯನ ಅಣ್ಣ ಹೊನ್ನಯ್ಯ ಸತ್ತ ದಿನ ಅದೇ ಗುಂಡಿಯಲ್ಲಿ ಮಂಕರಿ ಹೊತ್ತಿದ್ದವಳು. "ನಾನು ನೋಡಿವ್ನಿ," ಎಂದಳು. "ಒನ್ನಯ್ಯನ್ನ ನೀನೇ ಗುಂಡಿಗೆ ಇಳಿಸ್ದೆ. ಬರೆ ಬಿರಿದದೆ ಅಂತ ಅವ ಅಂದ. ಇಳಿ ಅಂದೆ." ಅವಳ ಹಿಂದೆ ಇನ್ನೊಬ್ಬಳು ಬಂದಳು, ಮತ್ತೊಬ್ಬಳು ಬಂದಳು. ಒಬ್ಬೊಬ್ಬರೂ ಬಂದು ಕತ್ತೆಗಳಿಗೂ ಗುಂಡಯ್ಯನಿಗೂ ನಡುವೆ ನಿಂತರು. ಮಂಕರಿಗಳನ್ನು ಕಾಲಬುಡದಲ್ಲಿ ಇಟ್ಟರು.

ಕಾವಲಿನವರಲ್ಲಿ ಒಬ್ಬ ದೊಣ್ಣೆ ಇಳಿಸಿದ. ಆ ಸಾಲಿನಲ್ಲಿ ಅವನ ತಾಯಿಯಿದ್ದಳು.

ಗುಂಡಯ್ಯ ಎಲ್ಲರ ಮುಖ ನೋಡಿದ, ಒಬ್ಬರೂ ಕಣ್ಣು ತಗ್ಗಿಸಲಿಲ್ಲ. "ಓಗಿ, ಓಗಿ. ಸೇತುವೆ ತಾವ ನೋಡ್ಕೋತೀನಿ," ಎಂದು ಛತ್ರಿ ತಿರುಗಿಸಿಕೊಂಡು ಇಳಿದುಹೋದ. ಸ್ವಲ್ಪ ಹೊತ್ತಿಗೆ ಒಬ್ಬ ಕಾವಲಿನವನು ಸೈಕಲ್ ಹತ್ತಿ ಹೊಳೆನರಸೀಪುರದ ದಿಕ್ಕಿಗೆ ತುಳಿಯುವುದು ಕಾಣಿಸಿತು.

"ಸೇತುವೆ ಬಿಡ್ರಿ," ಎಂದಳು ಕಲ್ಲಮ್ಮ. "ಮೇಲ್ಗಡೆ ನಮ್ಮ ಬೀರಲಿಂಗಯ್ಯನ ಅರಿಗೋಲೈತೆ."

* * *

ಆ ರಾತ್ರಿ ಕಲ್ಲಮ್ಮನ ಕುರಿಹಟ್ಟಿಯಲ್ಲಿ ಮಲಗಿ, ಬೆಳಕು ಹರಿದ ಮೇಲೆ ಎತ್ತುಗಾಡಿಯನ್ನು ಅಲ್ಲೇ ಬಿಟ್ಟು, ಕತ್ತೆಗಳ ಮೇಲೆ ಹೊರೆ ಹೇರಿ ಹೊಳೆ ದಾಟುವ ಕಡವಿಗೆ ಬಂದರು. ಮೊನ್ನೆ ಸಣ್ಣಗಿದ್ದ ಹೇಮಾವತಿ ಈಗ ದಡದಿಂದ ದಡಕ್ಕೆ ಕೆಂಪಗೆ ತುಂಬಿ, ಮರದ ಕೊಂಬೆಗಳನ್ನೂ ನೊರೆಯನ್ನೂ ಹೊತ್ತು ಓಡುತ್ತಿದ್ದಳು.

ಅಂಬಿಗ ಬೀರಲಿಂಗಯ್ಯ ಹೊಳೆಯನ್ನೂ ಹೊರೆಯನ್ನೂ ನೋಡಿ ತಲೆಯಾಡಿಸಿದ. "ಇವತ್ತು ಬ್ಯಾಡ ಕಣ್ರವ್ವ. ಎರಡು ದಿನ ತಡೀರಿ."

"ಎರಡು ದಿನಕ್ಕೆ ನಮ್ಮ ಹೊಲ ಇರಲ್ಲ ಅಣ್ಣ," ಎಂದಳು ನೀಲಾಂಬಿಕೆ. "ಊರಿನ ಅಷ್ಟೂ ಜನದ ಬೆಳೆ ಇದರಲ್ಲೈತೆ."

ಬೀರಲಿಂಗಯ್ಯ ಎಲೆಯಡಕೆ ಉಗುಳಿ ಹುಟ್ಟು ಕೈಗೆತ್ತಿಕೊಂಡ. "ಅಂಗಾದ್ರೆ ನಾನು ಯೋಳ್ದಂಗೆ ಕೂತ್ಕಬೇಕು. ಅಲುಗಾಡೀರಾ, ಜ್ವಾಕೆ."

ಕಲ್ಲಮ್ಮ ಕಂಬಳಿಯನ್ನು ಮಡಕೆಗಳ ಮೇಲೆಯೇ ಬಿಟ್ಟಳು. "ಮಳೆಗಾಲ ನನಗೇನೂ ವಸದಲ್ಲ. ತಕ್ಕಂಡೋಗಿ," ಎಂದು ದಡದಲ್ಲಿ ನಿಂತಳು.

ಬಿದಿರು ಹೆಣೆದು ಚರ್ಮ ಹೊದಿಸಿದ ದುಂಡನೆಯ ಹರಿಗೋಲು ನೀರಿಗೆ ಇಳಿದದ್ದೇ ತಡ, ಬುಗುರಿಯ ಹಾಗೆ ಒಂದು ಸುತ್ತು ಸುತ್ತಿತು. ನೀಲಾಂಬಿಕೆ ಮಡಕೆಗಳನ್ನು ತೋಳಿನಿಂದ ಬಳಸಿ ಬಾಗಿ ಕೂತಳು. ನಡುಹೊಳೆಗೆ ಬಂದಾಗ ಬೀರಲಿಂಗಯ್ಯ ಕಿರುಚಿದ: "ಮರ!"

ಬುಡಮೇಲಾದ ಹೊಳೆಮತ್ತಿ ಮರವೊಂದು ನೇರವಾಗಿ ಬರುತ್ತಿತ್ತು.

ದೇವಯ್ಯ ಗಳು ಚಾಚಿ ಕಾಂಡಕ್ಕೆ ಕೊಟ್ಟು ತಳ್ಳಿದ. ಗಳು ಮುರಿಯಿತು. ಕೊಂಬೆಯೊಂದು ಹರಿಗೋಲಿನ ಅಂಚಿಗೆ ಬಡಿಯಿತು. ಹರಿಗೋಲು ಓರೆಯಾಯಿತು. ಕೆಂಪು ನೀರು ಒಳಕ್ಕೆ ನುಗ್ಗಿತು.

"ಭಾರ ಜಾಸ್ತಿ! ಏನಾರ ಬಿಸಾಕಿ!"

ಒಂದು ಮಡಕೆಯ ಮೇಣ ಆಗಲೇ ಬಿರಿದು ಬಾಯಿ ಬಿಟ್ಟಿತ್ತು. ನೀಲಾಂಬಿಕೆ ಅದನ್ನೇ ಎತ್ತಿ ಹೊಳೆಗೆ ಎಸೆದಳು. ಪಾಲಾಕ್ಷ ಎರಡೂ ಕೈಯಿಂದ ನೀರು ಮೊಗೆದು ಹೊರಕ್ಕೆ ಚೆಲ್ಲಿದ. ಹರಿಗೋಲು ನೆಟ್ಟಗಾಯಿತು. ಉಳಿದ ಮಡಕೆಗಳನ್ನು ಅವಳು ಮಡಿಲಿಗೆ, ತೊಡೆಗೆ, ಎದೆಗೆ ಎತ್ತಿಕೊಂಡಳು. ಮರ ಅವರ ಪಕ್ಕದಲ್ಲೇ ಭೋರ್ಗರೆದು ಹಾದುಹೋಯಿತು.

ದಡ ಮುಟ್ಟಿದಾಗ ಅವಳ ತೋಳು ಮರಗಟ್ಟಿ, ಮಡಕೆ ಬಿಡಿಸಲು ದೇವಯ್ಯ ಒಂದೊಂದೇ ಬೆರಳನ್ನು ಎತ್ತಬೇಕಾಯಿತು.

* * *

ಬಾಡಿಗೆ ಗಾಡಿ ಹಿಡಿದು ಕೆಂಚನಕೊಪ್ಪಲಿಗೆ ಬಂದಾಗ ಚನ್ನಬಸವಯ್ಯ ಸುಣ್ಣ ಅರಳಿಸಿ, ಮರದ ಬಾನಿಗಳನ್ನು ತೊಳೆದು ಸಾಲಾಗಿ ಇಟ್ಟಿದ್ದ. ಊರಿನವರು ಹಿತ್ತಾಳೆ ಪಿಚಕಾರಿ, ಕಸಬರಿಕೆ, ಬೇವಿನ ಸೊಪ್ಪಿನ ಕಟ್ಟು, ಕೈಗೆ ಸಿಕ್ಕಿದ್ದು ಹಿಡಿದು ಕಾದಿದ್ದರು. ಹೆಂಡತಿಯ ತರಚಿದ ಮೊಣಕೈಗಳನ್ನು ನೋಡಿ ಅವನು ಏನೋ ಹೇಳಲು ಹೋದ. "ಆಮೇಲೆ," ಎಂದಳು ಅವಳು.

ಪಾಲಾಕ್ಷ ನೀಲಿ ನೀರಿಗೆ ಸುಣ್ಣದ ನೀರು ಸುರಿದು ಕಲಕಿದ. ಚಾಕು ಅದ್ದಿ ನೋಡಿದ, ತಾಮ್ರ ಕೂತಿತು. ಇನ್ನಷ್ಟು ಸುಣ್ಣ ಹಾಕಿಸಿದ. ಈಗ ಅಲಗು ಬೆಳ್ಳಗೇ ಉಳಿಯಿತು. "ಆಯ್ತು, ಎರಚಿ!" ಎಂದ. ಮಳೆ ಬಿಡುವು ಕೊಟ್ಟ ಆ ಒಂದು ಹಗಲು ಊರಿಗೆ ಊರೇ ಹೊಲದಲ್ಲಿತ್ತು. ಬೆಳೆಯಿದ್ದವರು, ಇಲ್ಲದವರು ಎಲ್ಲರೂ ಎರಚಿದರು. ಸಂಜೆಗೆ ಬಾನಿಗಳ ತಳ ಕಂಡಿತು.

ಎಲ್ಲವೂ ಉಳಿಯಲಿಲ್ಲ. ಕೆರೆಯ ಕೆಳಗಿನ ಹೊಲಗಳಿಗೆ ಮದ್ದು ಸಾಲಲಿಲ್ಲ, ಅವು ಕೊಳೆತವು. ಗುಂಡಯ್ಯ ಒಡೆದ ಮಡಕೆ, ಹೊಳೆಗೆ ಎಸೆದ ಮಡಕೆ ಇದ್ದಿದ್ದರೆ ಅವೂ ಉಳಿಯುತ್ತಿದ್ದವು ಎಂಬುದನ್ನು ನೀಲಾಂಬಿಕೆ ಮರೆಯಲಿಲ್ಲ. ಆದರೆ ದಿಣ್ಣೆಯ ಹೊಲಗಳೆಲ್ಲ ಹಸಿರಾಗಿ ನಿಂತವು. ಕಪ್ಪು ಮಚ್ಚೆ ಇದ್ದಲ್ಲೇ ಒಣಗಿತು. ಹೊಸ ಎಲೆಗೆ ಹಬ್ಬಲಿಲ್ಲ. ಕೆಳಗಿನ ಹೊಲದವರಿಗೆ ದಿಣ್ಣೆಯವರು ಬೆಳೆಯಲ್ಲಿ ಪಾಲು ಕೊಡುವುದೆಂದು ಪಂಚಾಯಿತಿಯಲ್ಲಿ ಮಾತಾಯಿತು. ದೇವಯ್ಯ ಹಾಸನಕ್ಕೆ ಹಿಂತಿರುಗಲಿಲ್ಲ. ಮಲ್ಲಿಗಮ್ಮನನ್ನು ಸಾಕ್ಷಿಗೆ ಕರೆದುಕೊಂಡು ಚನ್ನರಾಯಪಟ್ಟಣದ ಅಮಲ್ದಾರರ ಕಚೇರಿಗೆ ಹೋಗುತ್ತೇನೆಂದು ಹೊರಟ. ಊರಿನವರು ಅವನ ಜೊತೆಗೆ ಇಬ್ಬರನ್ನು ಕಳಿಸಿದರು.

ಅಗೆತದ ದಿನ ಚನ್ನಬಸವಯ್ಯ ಗುದ್ದಲಿ ಹಾಕಿ ಮೊದಲ ಬುಡ ಎತ್ತಿದ. ಕೆಂಪು ಮಣ್ಣಿನಿಂದ ಗೆಡ್ಡೆಗಳು ಗುಂಡಗೆ ಉರುಳಿಬಂದವು. ನೀಲಾಂಬಿಕೆ ಕೂತು ಒಂದನ್ನು ಕೈಗೆತ್ತಿಕೊಂಡು ಮಣ್ಣು ಒರೆಸಿದಳು, ಮೂಸಿ ನೋಡಿದಳು. ಕೊಳೆತ ವಾಸನೆಯಿಲ್ಲ. ಹಸಿ ಮಣ್ಣಿನ ವಾಸನೆ.

"ಈಗಲಾದ್ರೂ ಸಿಟ್ಟು ಇಳೀತಾ?" ಎಂದು ಗಂಡ ನಗುತ್ತ ಕೇಳಿದ.

"ಬೆಳೆ ಉಳೀತು," ಎಂದಳು ಅವಳು. "ಸಿಟ್ಟು ಯಾಕೆ ಇಳೀಬೇಕು?" ಗೆಡ್ಡೆಯನ್ನು ಮಂಕರಿಗೆ ಹಾಕಿ ಮುಂದಿನ ಬುಡಕ್ಕೆ ಸರಿದಳು. "ಬೇಸಿಗೆಗೆ ಮತ್ತೆ ಹರಳು ಕಟ್ಟುತ್ತೆ ಅಂತಾನೆ ಪಾಲಾಕ್ಷ. ಆಗ ಹಿಂದಿನ ಸಂದೀಲಿ ನುಸುಳಿ ಹೋಗೋದು ಬ್ಯಾಡ. ಊರೋರೆಲ್ಲ ಹೋಗೋಣ, ಮುಂದಿನ ದಾರೀಲೇ."